ರಸಮಟ್ಟಕ್ಕೆ ಬಗ್ಗದ ಗಡಿಯಾರ

ನಮ್ಮ ಚಿಕ್ಕಪ್ಪ ಪ್ಲಂಬರ್. ಮೂವತ್ತು ವರ್ಷ ಊರವರ ಬಚ್ಚಲುಗಳನ್ನು ಉದ್ಧಾರ ಮಾಡಿದವನ ಸ್ವಂತ ಮನೆಯ ನಲ್ಲಿ ಮಾತ್ರ ಇಂದಿಗೂ ತೊಟ್ಟಿಕ್ಕುತ್ತದೆ. ಆದರೆ ಅವನು ಕೂರಿಸಿದ ಬೇಸಿನ್ ಒಂದೂ ಓರೆಯಾದದ್ದಿಲ್ಲ. ಗಾಜಿನೊಳಗೆ ಗುಳ್ಳೆ ಓಡಾಡುವ ರಸಮಟ್ಟ ಸದಾ ಅವನ ಜೇಬಿನಲ್ಲಿ. ಮದುವೆಯ ಫೋಟೋದಲ್ಲೂ ಅದರ ತುದಿ ಇಣುಕುತ್ತದೆ.

ತಾತ ಸತ್ತಾಗ ಅವರ ಲೋಲಕದ ಗಡಿಯಾರ ಇವನ ಪಾಲಿಗೆ ಬಂತು. ದೊಡ್ಡಪ್ಪನಿಗೆ ಅಂದಿನಿಂದ ಹೊಟ್ಟೆಯುರಿ. ಅದು ಇವನ ಗೋಡೆಯೇರಿದ ಮರುದಿನವೇ ನಿಂತುಬಿಟ್ಟಿತು. ಸುದ್ದಿ ಮುಟ್ಟಿದ್ದೇ ತಡ, ದೊಡ್ಡಪ್ಪ ಫೋನ್ ಮಾಡಿದ: "ಭಾನುವಾರ ಬರ್ತೀನಿ. ಅಷ್ಟರಲ್ಲಿ ನಡೀಲಿಲ್ಲಾಂದ್ರೆ ನಾನೇ ತಗೊಂಡ್ಹೋಗಿ, ಒಳಗಿರೋದೆಲ್ಲ ಕಿತ್ತಾಕಿಸಿ ಸೆಲ್ ಹಾಕಿಸ್ತೀನಿ."

ಚಿಕ್ಕಪ್ಪನ ಮುಖ ಇಳಿದುಹೋಯಿತು. ಗಡಿಯಾರದ ಆ ಟಿಕ್ ಟಾಕ್ ಸದ್ದಿಲ್ಲದೆ ಅವನಿಗೆ ಅವರಪ್ಪನ ನೆನಪೇ ಆಗುವುದಿಲ್ಲ. ಅದರ ಕರುಳು ಕಿತ್ತರೆ ಅಪ್ಪ ಇನ್ನೊಂದು ಸಲ ಸತ್ತಂತೆ ಎಂದು ಕಣ್ಣೊರೆಸಿಕೊಂಡ.

ಆಮೇಲೆ ಕಟ್ಟಿಕೊಂಡ ಚರಂಡಿ ಬಿಡಿಸುವವನ ಹುಮ್ಮಸ್ಸಿನಲ್ಲಿ ಅರ್ಧ ಬಾಟಲಿ ಎಣ್ಣೆ ಸುರಿದ. ಗಡಿಯಾರ ಒದ್ದೆಯಾಯಿತೇ ಹೊರತು ಅಲುಗಲಿಲ್ಲ. ಯಂತ್ರವನ್ನು ಬಿಚ್ಚಿ ವಾಚ್ ರಿಪೇರಿಯವನ ಅಂಗಡಿಗೆ ಒಯ್ದರೆ ಅವನು ಹೌಹಾರಿದ. "ಏನ್ರೀ ಇದು, ಎಣ್ಣೆಸ್ನಾನ ಮಾಡಿಸಿದೀರಾ? ಪೂರ್ತಿ ಒರೆಸಿ. ಚಕ್ರದ ಅಚ್ಚು ಕೂರೋ ಒಂದೊಂದು ತೂತಿಗೆ ಸೂಜಿ ಮೊನೆಯಷ್ಟು ಎಣ್ಣೆ ಸಾಕು."

ಎರಡು ದಿನ ಚಿಕ್ಕಮ್ಮನ ರವಿಕೆ ಬಟ್ಟೆಗಳನ್ನು ಹಾಳುಮಾಡಿ ಒರೆಸಿದ. ಶನಿವಾರ ಸಂಜೆ ರಸಮಟ್ಟ ಹಿಡಿದು, ಗುಳ್ಳೆ ನಟ್ಟನಡುವೆ ನಿಲ್ಲುವಂತೆ ತೂಗುಹಾಕಿದ. ಹತ್ತೇ ನಿಮಿಷ, ಮತ್ತೆ ನಿಂತಿತು.

"ಕುಂಟ್ತಾ ಇತ್ತು ಕಣ್ರೀ," ಎಂದಳು ಅಡುಗೆಮನೆಯಿಂದ ಚಿಕ್ಕಮ್ಮ. "ಟಿಕ್ ಬೇಗ ಬರ್ತಿತ್ತು, ಟಾಕ್ ಮೀನಮೇಷ ಎಣಿಸ್ತಿತ್ತು." ಬಂದವಳೇ ಗಡಿಯಾರದ ಬುಡವನ್ನು ಒಂದು ಬೆರಳಷ್ಟು ಎಡಕ್ಕೆ ತಳ್ಳಿ ಲೋಲಕ ತೂಗಿಬಿಟ್ಟಳು. ಎರಡೂ ಸದ್ದು ಸಮವಾದವು.

"ವಾರೆ ಆಯ್ತಲ್ಲೇ!"

"ನಡೀತಿದೆಯಲ್ಲ! ನೇರ ನೇರ ಅಂತ ನೀವೇ ಅದರ ಪ್ರಾಣ ತೆಗೀತಿದ್ರಿ."

ರಾತ್ರಿ ಊಟದವರೆಗೂ ಚಿಕ್ಕಪ್ಪ ಹರಳೆಣ್ಣೆ ಕುಡಿದವನಂತೆ ಮುಖ ಮಾಡಿಕೊಂಡಿದ್ದ. ಗಡಿಯಾರವನ್ನು ಮಾತ್ರ ಮುಟ್ಟಲಿಲ್ಲ.

ಭಾನುವಾರ ದೊಡ್ಡಪ್ಪ ಬಂದ. ಚಪ್ಪಲಿಯನ್ನೂ ಬಿಡದೆ, "ಇದೇನೋ ಸೊಟ್ಟಗೆ?" ಎಂದು ಸರಿಮಾಡಲು ಕೈ ಚಾಚಿದ. ಅಣ್ಣನಿಗೆ ಎಂದೂ ಎದುರಾಡದ ಚಿಕ್ಕಪ್ಪ ಅವನ ಮಣಿಕಟ್ಟು ಹಿಡಿದ. "ಮುಟ್ಟಿದ್ರೆ ಕೈ ಮುರೀತೀನಿ, ಅಣ್ಣಾ." ಕೊನೆಯಲ್ಲಿ 'ಅಣ್ಣಾ' ಸೇರಿಸಿ, ಮರ್ಯಾದೆಗೇನೂ ಕಡಿಮೆ ಮಾಡಲಿಲ್ಲ.

ದೊಡ್ಡಪ್ಪ ಗಡಿಯಾರದ ಕೆಳಗೇ ಕುರ್ಚಿ ಎಳೆದುಕೊಂಡ. "ನಿಲ್ಲೋವರೆಗೂ ಕೂತಿರ್ತೀನಿ. ನಿಂತ ತಕ್ಷಣ ತಗೊಂಡ್ಹೋಗ್ತೀನಿ."

ಹನ್ನೊಂದಕ್ಕೆ ಗಡಿಯಾರ ಏಳು ಹೊಡೆಯಿತು. ಯಾರೂ ನಗುವ ಧೈರ್ಯ ಮಾಡಲಿಲ್ಲ. ಹನ್ನೊಂದೂವರೆಗೆ ದೊಡ್ಡಪ್ಪನ ಗದ್ದ ಎದೆಗೆ ತಾಗಿತು, ಗೊರಕೆ ಬೀದಿಗೆ ಕೇಳಿಸಿತು. ಚಿಕ್ಕಪ್ಪ ಗೋಡೆಗೊರಗಿ ಕಾವಲು ನಿಂತೇ ಇದ್ದ.

ಒಂದು ಗಂಟೆಗೆ ಎಚ್ಚರವಾದ ದೊಡ್ಡಪ್ಪ ಬಾಯಿ ಒರೆಸಿಕೊಂಡು ಮೇಲೆ ನೋಡಿದ. ಲೋಲಕ ಆಡುತ್ತಲೇ ಇತ್ತು.

"ಅಪ್ಪ ಹೋದ್ಮೇಲೆ ಇಷ್ಟು ಒಳ್ಳೆ ನಿದ್ದೆ ಬಂದಿರ್ಲಿಲ್ಲ ಕಣೋ," ಎಂದ. ಎದ್ದ. "ಮುಂದಿನ ಭಾನುವಾರಾನೂ ಬರ್ತೀನಿ. ಕುರ್ಚಿ ಇಲ್ಲೇ ಇರ್ಲಿ."