ಚುಕ್ಕಿಗೆ ಸಾಲದ ತೋಟ

ಬೀರುವಿನ ತಳದ ಖಾನೆ ಒರೆಸುವಾಗ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಕೈಗೆ ಸಿಕ್ಕಿತು. ಮುಚ್ಚಳ ತೆಗೆದರೆ ಹೆರೆದ ಪೆನ್ಸಿಲ್ಲಿನ ವಾಸನೆ. ನಿಮಗದು ಶಾಲೆಯ ಮೊದಲ ದಿನವನ್ನು ನೆನಪಿಸಬಹುದು. ನನಗೆ ಮುನಿಯಮ್ಮನ ದಂಟಿನ ಸೊಪ್ಪು ನೆನಪಾಯಿತು. ಡಬ್ಬಿಯಲ್ಲಿ ನಾಲ್ಕು ಬಣ್ಣದ ಪೆನ್ಸಿಲ್ಲುಗಳು. ಹಳದಿ ಸವೆದು ಹೆಬ್ಬೆರಳಿನಷ್ಟಾಗಿದೆ, ಹಸಿರು ಇನ್ನೂ ಉದ್ದವಿದೆ. ಅವುಗಳ ಕೆಳಗೆ ನಾಲ್ಕು ಮಡಿಕೆಯಾಗಿ ಒಂದು ನಕ್ಷೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಜಾಲಹಳ್ಳಿಯಲ್ಲಿ ಬಾಡಿಗೆಗಿದ್ದೆವು. ಅಕ್ಕಪಕ್ಕದವರೆಲ್ಲ ಕಾರ್ಖಾನೆಯವರು, ಸೈರನ್ ಕೂಗುವುದರೊಳಗೆ ಊಟದ ಡಬ್ಬಿ ಕಟ್ಟಿ ಮುಗಿಸುವ ಮನೆಗಳು. ಇವರದೊಂದೇ ಬೇರೆ ತರಹದ ಕೆಲಸ. ಉಪಗ್ರಹ ಮೇಲಿನಿಂದ ತೆಗೆದ ಚಿತ್ರಗಳನ್ನು ನೋಡಿ, ಹಿಂದಿನ ವರ್ಷಗಳ ಚಿತ್ರದ ಜೊತೆ ಹೋಲಿಸಿ, ಎಲ್ಲಿ ಹೊಲ ಹೋಗಿ ಕಟ್ಟಡ ಬಂತು, ಎಲ್ಲಿ ಕೆರೆ ಕುಗ್ಗಿತು ಎಂದು ಗುರುತು ಮಾಡುವುದು. “ನಿಮ್ಮೆಜಮಾನ್ರು ಆಕಾಶ ನೋಡ್ತಾರಂತಲ್ರೀ, ನಮ್ ಹುಡುಗೀದೊಂದು ಜಾತಕ ತೋರಿಸ್ಲಾ?” ಎಂದು ಪಕ್ಕದ ಮನೆಯಾಕೆ ಕೇಳಿದ್ದರು. ಆಕಾಶವನ್ನಲ್ಲ, ಆಕಾಶದಿಂದ ಭೂಮಿಯನ್ನು ನೋಡುತ್ತಾರೆ ಎಂದು ತಿದ್ದಿದೆ. ಆಕೆಗೆ ನಿರಾಸೆಯಾಯಿತು.

ಮುನಿಯಮ್ಮ ವಾರಕ್ಕೆರಡು ದಿನ ಪೀಣ್ಯದಾಚೆಯ ತನ್ನ ಹಳ್ಳಿಯಿಂದ ಸೊಪ್ಪಿನ ಮಂಕರಿ ಹೊತ್ತು ಬರುತ್ತಿದ್ದಳು. ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, ಆದರೂ ನನ್ನನ್ನು ಕರೆಯುತ್ತಿದ್ದುದು ‘ಅಮ್ಮಣ್ಣಿ’ ಎಂದು. ಕಾನ್ವೆಂಟಿನಲ್ಲಿ ಓದಿದ ನನಗೆ ಹರಿವೆಗೂ ದಂಟಿಗೂ ವ್ಯತ್ಯಾಸ ಕಲಿಸಿದವಳು ಅವಳೇ. ಒಂದು ದಿನ ಊಟದ ಮೇಜಿನ ಮೇಲೆ ಹರಡಿದ್ದ ಚಿತ್ರವನ್ನು ಕಿಟಕಿಯಿಂದಲೇ ಇಣುಕಿ ಬೆಚ್ಚಿದಳು.

“ಇದೇನವ್ವಾ, ಊರ್ಗೆ ಬೆಂಕಿ ಬಿದ್ದಂಗೈತೆ!”

“ಇಲ್ಲಮ್ಮ, ಇದರಲ್ಲಿ ಕೆಂಪಗಿರೋದೆಲ್ಲ ಹಸಿರು. ಗಿಡ ಮರ ಬೆಳೆ ಎಲ್ಲಾ ಕೆಂಪಗೆ ಬೀಳತ್ತೆ,” ಎಂದರು ಇವರು.

“ಅಸ್ರು ಕೆಂಪಾ? ಅಂಗಾದ್ರೆ ನನ್ ತ್ವಾಟ ತೋರ್ಸು ಸಾಮಿ.”

ಎಷ್ಟು ನೆಲ ಎಂದು ಇವರು ಕೇಳಿದರು. ಇಪ್ಪತ್ತು ಗುಂಟೆ ಎಂದಳು. ಇವರು ಮುಗುಳ್ನಕ್ಕು, “ಈ ಚಿತ್ರದಲ್ಲಿ ಒಂದು ಚುಕ್ಕಿ ಅಂದ್ರೇನೇ ಒಂದೆಕರೆಗೂ ಜಾಸ್ತಿ. ನಿಂದು ಅರ್ಧ ಚುಕ್ಕಿಗೂ ಸಾಲಲ್ಲ ಮುನಿಯಮ್ಮ,” ಎಂದರು.

“ನಮ್ಮನೆ ಐದ್ ಜನ ಉಣ್ಣಾಕೆ ಸಾಲ್ತದಲ್ಲ!” ಎಂದು ಮಂಕರಿ ಎತ್ತಿಕೊಂಡಳು.

ಚಿತ್ರದಲ್ಲಿ ಕಂಡದ್ದು ನೆಲದ ಮೇಲೆ ನಿಜವೇ ಎಂದು ಹೋಗಿ ನೋಡಿ ಬರುವುದೂ ಇವರ ಕೆಲಸದ ಭಾಗ. ಒಂದು ಭಾನುವಾರ ಪುಳಿಯೋಗರೆ ಕಟ್ಟಿಕೊಂಡು ನಾನೂ ಸ್ಕೂಟರ್ ಹತ್ತಿದೆ. ಪಿಕ್ನಿಕ್ ಎಂದುಕೊಂಡು ಬಿಳಿಯ ಚಪ್ಪಲಿ ಹಾಕಿದ್ದೆ. ಕೆಮ್ಮಣ್ಣಿಗೆ ಅದರ ಬಣ್ಣ ಅವತ್ತೇ ಹೋಯಿತು. ಸುತ್ತ ಕಲ್ಲು, ಲಂಟಾನ, ಕುರಿ ಮೇಯುವ ಬೀಳು. ನಡುವೆ ಹಾಸಿದ ಕರವಸ್ತ್ರದಂತೆ ಮುನಿಯಮ್ಮನ ತೋಟ. ಮಡಿಗಳಲ್ಲಿ ಮೆಂತ್ಯ, ಸಬ್ಬಸಿಗೆ, ದಂಟು; ಬಾವಿಯ ಪಕ್ಕ ಹೊಂಗೆಮರ, ಅದರ ಬುಡದಲ್ಲೊಂದು ಚಿಕ್ಕ ಕಲ್ಲು.

“ನನ್ ದೊಡ್ ಮಗ್ಳು,” ಎಂದಳು ಮುನಿಯಮ್ಮ ಆ ಕಲ್ಲಿಗೆ ನೀರು ಚಿಮುಕಿಸುತ್ತ. “ಏಳ್ ವರ್ಸಕ್ಕೇ ಓಯ್ತು. ಇಲ್ಲೇ ಮಡಗಿದ್ವಿ.”

ನನ್ನ ಬಾಯಿಂದ ಬಂದುಬಿಟ್ಟಿತು: “ಮುನಿಯಮ್ಮ, ನಕ್ಷೇಲಿ ನಿನ್ ತೋಟಕ್ಕೆ ನಾನೇ ಹಸಿರು ಹಾಕ್ತೀನಿ.”

ಹಾಗೆ ಹೇಳಲು ನನಗೊಂದು ಹಕ್ಕೂ ಇತ್ತು. ಕಚೇರಿಯಲ್ಲಿ ಬಣ್ಣ ತುಂಬುವವರು ರಜೆಯಲ್ಲಿದ್ದು, ಕರಡು ನಕ್ಷೆಗಳು ಮನೆಗೆ ಬರುತ್ತಿದ್ದವು. ಇವರು ಗೆರೆ ಎಳೆಯುತ್ತಿದ್ದರು, ನಾನು ಬಣ್ಣ ತುಂಬುತ್ತಿದ್ದೆ: ಬೆಳೆಗೆ ಹಸಿರು, ಕೆರೆಗೆ ನೀಲಿ, ಕಟ್ಟಡಕ್ಕೆ ಕೆಂಪು, ಬೀಳಿಗೆ ಹಳದಿ. ಗೆರೆ ದಾಟದಂತೆ ಬಣ್ಣ ಹಾಕುವುದನ್ನು ನಮ್ಮ ಸಿಸ್ಟರ್ ಅಡಿಪಟ್ಟಿ ಹಿಡಿದು ಕಲಿಸಿದ್ದರು. ನನ್ನ ಬದುಕಿನಲ್ಲಿ ಬಂದ ಒಂದೇ ಬಹುಮಾನವೂ ಅದಕ್ಕೇ.

ಮುನಿಯಮ್ಮನ ಕಡೆಯ ಹಾಳೆ ಬಂದಾಗ ಅಲ್ಲಿ ಗೆರೆಯೇ ಇರಲಿಲ್ಲ. ಅಷ್ಟೂ ಜಾಗ ಒಂದೇ ಬೀಳು.

“ಇಲ್ಲೊಂದು ಪುಟ್ಟ ಹಸಿರು ಹಾಕ್ಲಾ?”

“ಇಂತಿಷ್ಟಕ್ಕಿಂತ ಚಿಕ್ಕದಿದ್ರೆ ಸುತ್ತ ಏನಿದ್ಯೋ ಅದಕ್ಕೇ ಸೇರಿಸ್ಬೇಕು ಕಣೇ. ಅದು ನಿಯಮ. ಒಂದಕ್ಕೆ ಹಾಕಿದ್ರೆ ಎಲ್ಲದಕ್ಕೂ ಹಾಕ್ಬೇಕಾಗತ್ತೆ.”

“ನಾವೇ ಹೋಗಿ ನೋಡಿದೀವಲ್ರೀ.”

“ನೋಡಿದೀವಿ,” ಎಂದರು. ಮುಖ ಎತ್ತಲಿಲ್ಲ.

ನಾನು ಹಳದಿ ತೆಗೆದುಕೊಂಡೆ. ಬಹಳ ನೀಟಾಗಿ, ಒಂದೇ ದಿಕ್ಕಿನಲ್ಲಿ, ಎಲ್ಲೂ ಬಿಳಿ ಉಳಿಯದ ಹಾಗೆ ತುಂಬಿದೆ. ಬಾವಿ, ಹೊಂಗೆಮರ, ಆ ಚಿಕ್ಕ ಕಲ್ಲು ಎಲ್ಲವೂ ಹಳದಿಯ ಕೆಳಗೆ ಹೋದವು. ಮುಂದಿನ ಸಲ ಮುನಿಯಮ್ಮ, “ಆಕಿದ್ಯಾ ಅಮ್ಮಣ್ಣಿ?” ಎಂದು ಕೇಳಿದಾಗ, “ಹೂಂ” ಎಂದೆ. ಆ ದಿನ ಅವಳು ಒಂದು ಕಟ್ಟು ಮೆಂತ್ಯವನ್ನು ಬೇಡವೆಂದರೂ ಇಟ್ಟುಹೋದಳು.

ಒಂದೆರಡು ವರ್ಷ ಕಳೆದಿರಬೇಕು. ಆ ಕಡೆ ಕಾರ್ಖಾನೆಯ ಶೆಡ್ಡುಗಳು ಬರುತ್ತವೆಂದು ಅಳತೆಯವರು ಬಂದರಂತೆ. ಕಾಗದದಲ್ಲಿ ಅಲ್ಲೆಲ್ಲ ಬೀಳು ಎಂದಿತ್ತಂತೆ. ಮುನಿಯಮ್ಮ ಅಡ್ಡ ನಿಂತು, “ಮ್ಯಾಗಿಂದ ತೆಗ್ದಿರೋ ಪಟದಾಗೆ ನನ್ ತ್ವಾಟ ಐತೆ, ನಮ್ಮ್ ಅಮ್ಮಣ್ಣಿ ಕೈಯಾರೆ ಬರ್ದವ್ಳೆ, ನೋಡ್ಕಬನ್ನಿ,” ಎಂದಳಂತೆ. ಅವರು ನಕ್ಕರಂತೆ. ಅವರ ಕೈಯಲ್ಲಿದ್ದ ಕಾಗದಕ್ಕೂ ನಮ್ಮ ಕರಡು ನಕ್ಷೆಗೂ ಸಂಬಂಧವೇ ಇಲ್ಲ ಎಂದು ಇವರು ಎಷ್ಟೋ ಸಲ ಹೇಳಿದರು. ಇರಲಾರದು. ಆದರೂ ಆ ಹಳದಿ ನನ್ನ ಕೈಯದು.

ಕೊನೆಯ ಬಾರಿ ಬಂದಾಗ ಮಂಕರಿಯಲ್ಲಿದ್ದುದು ಬೇರುಸಮೇತ ಕಿತ್ತ ದಂಟು. ತೋಟ ಹೋಗಿತ್ತು, ಇನ್ನು ಚಿಗುರಿಸುವ ಅಗತ್ಯವಿರಲಿಲ್ಲ. ನಾನು ನಿಜ ಹೇಳಿದೆ. ಮುನಿಯಮ್ಮ ಬಯ್ಯಲಿಲ್ಲ. ಸೊಪ್ಪಿನ ಬೇರಿನ ಮಣ್ಣನ್ನು ನನ್ನ ಮೆಟ್ಟಿಲಿಗೆ ಬೀಳದಂತೆ ಸೆರಗಿಗೆ ಒದರಿಕೊಂಡಳು.

“ಮ್ಯಾಗಿಂದ ನೋಡ್ದೋರ್ಗೆ ಕಾಣ್ಲಿಲ್ಲ, ಬುಡು. ನೀನು ನಿಂತ್ಕಂಡ್ ನೋಡಿದ್ದೆ ಕಣಮ್ಮಣ್ಣಿ.”

ಆಮೇಲೆ ಅವಳನ್ನು ನಾನು ನೋಡಲಿಲ್ಲ. ರಾಜಗೋಪಾಲನಗರದಲ್ಲಿ ಮಗನ ಜೊತೆಗಿದ್ದಾಳೆಂದು ಯಾರೋ ಹೇಳಿದರು. ಹುಡುಕಿಕೊಂಡು ಹೋಗಬಹುದಿತ್ತು. ಹೋಗಲಿಲ್ಲ.

ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿದೆ. ಮಡಿಕೆಗಳಲ್ಲಿ ಕಾಗದ ಸೀಳಿದೆ, ಹಳದಿ ಮಾತ್ರ ಮಾಸಿಲ್ಲ. ಹಸಿರು ಪೆನ್ಸಿಲ್ ಹಿಡಿದು ಬಗ್ಗಿದೆ. ಎಲ್ಲಿ ಅಂತ ಹಾಕಲಿ? ಹೊಂಗೆಮರದ ಗುರುತಿನಿಂದ ಹೋದವಳು ನಾನು, ನಕ್ಷೆಯಲ್ಲಿ ಮರವಿಲ್ಲ. ಕೆರೆಯಿಂದ ಎಡಕ್ಕೋ ಬಲಕ್ಕೋ ಎನ್ನುವುದೂ ಮರೆತಿದೆ.

ಪೇಪರ್ ಓದುತ್ತಿದ್ದ ಇವರು ಯಾವಾಗ ಎದ್ದು ಬಂದರೋ ತಿಳಿಯಲಿಲ್ಲ. ಕನ್ನಡಕ ಸರಿಮಾಡಿಕೊಂಡು ಹಳದಿಯ ನಡುವೆ, ಒಂದಿಷ್ಟೂ ತಡವರಿಸದೆ, ಬೆರಳಿಟ್ಟರು.

“ಇಲ್ಲಿ.”

ಇಷ್ಟು ವರ್ಷ ಈ ಮನುಷ್ಯ ಅದನ್ನು ನೆನಪಿಟ್ಟಿದ್ದರು. ನಾನು ಅವರ ಮುಖ ನೋಡಿದೆ. ಅವರು ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, ಬ್ಲೇಡು ಹುಡುಕಿ, ಕಿಟಕಿಯ ಬೆಳಕಿಗೆ ಕೂತು ಹೆರೆಯತೊಡಗಿದರು. ಮೊನೆ ಬಂದ ಮೇಲೂ ನಿಲ್ಲಿಸಲಿಲ್ಲ. ಇನ್ನೂ ಸಣ್ಣಗೆ, ಇನ್ನೂ ಸಣ್ಣಗೆ.