ಹಲ್ಡಾ ಹೇಳುವ ಬುದ್ಧಿಮಾತು

ಎರಡನೇ ಮಹಾಯುದ್ಧ ಮುಗಿದೊಡನೆ ಅಮೆರಿಕದ ಓಹಾಯೊದ ವಿಮಾನ ಕಾರ್ಖಾನೆಯೊಂದು ಕೆಲಸಕ್ಕಿದ್ದ ಹೆಂಗಸರನ್ನೆಲ್ಲ ಮನೆಗೆ ಕಳಿಸಿದ ಮೇಲೆ, ಅವರಲ್ಲೊಬ್ಬಳಾದ ಓಪಲ್‌ಗೆ ದಿನವೂ ತಪ್ಪದ ಶಿಕ್ಷೆಯೆಂದರೆ ಪಕ್ಕದ ಮನೆಯ ಹಲ್ಡಾ. ಕಾಫಿ ಕುದಿಯುವ ಮೊದಲೇ ಮಹಿಳಾ ಪತ್ರಿಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಅಡುಗೆಮನೆಗೆ ನುಗ್ಗಿ, "ಗಂಡ ಬರೋ ಹೊತ್ತಿಗೆ ತಲೆಗೆ ರಿಬ್ಬನ್ ಕಟ್ಕೋಬೇಕಂತೆ ಕಣೇ, ಕಾರ್ಖಾನೆ ಸುದ್ದಿ ಎತ್ತಲೇಬಾರದಂತೆ," ಎಂದು ಶುರುಮಾಡುವಳು. ಓಪಲ್‌ಳ ಒರಟು ಅಂಗೈಗೆ ನಿಂಬೆಹಣ್ಣು ಉಜ್ಜುವಳು. ಅವಳ ಪ್ಯಾಂಟು ನೋಡಿ ನಿಟ್ಟುಸಿರಿಡುವಳು. ಬೇಯುತ್ತಿರುವ ಬೀನ್ಸಿಗೆ ಕೇಳದೆಯೇ ಉಪ್ಪು ಹಾಕುವಳು. "ಯುದ್ಧದ ಹೊತ್ತಲ್ಲಿ ಇದೇ ಪತ್ರಿಕೆ, ಮೊಟ್ಟೆ ಕಲಸೋ ಕೈಗೆ ವಿಮಾನದ ತಗಡಿಗೆ ರಿವೆಟ್ ಮೊಳೆ ಹೊಡೆಯೋದು ಯಾವ ಮಹಾ ಅಂತ ನಮ್ಮನ್ನ ಕಾರ್ಖಾನೆಗೆ ಅಟ್ಟಿತ್ತಲ್ಲೇ!" ಎಂದು ಓಪಲ್ ರೇಗಿದರೆ, "ಅದು ಹಳೇ ಸಂಚಿಕೆ," ಎಂದು ಹಲ್ಡಾ ಪುಟ ತಿರುಗಿಸುವಳು. ಒಂದು ಬೆಳಗ್ಗೆ, ಗಂಡನ ಮಾತಿಗೆ ಮುಖವರಳಿಸಿ ಕಿವಿಗೊಡುವುದು ಹೇಗೆಂಬ ಪಾಠ ಶುರುವಾದಾಗ ಓಪಲ್ ಸೌಟು ಕುಕ್ಕಿದಳು. "ನೀನು ಇದನ್ನೆಲ್ಲ ಮಾಡ್ತೀಯಲ್ಲ, ನಿನ್ನ ಗಂಡ ಡ್ವೈಟ್ ಏನಂತಾನೆ? ಮೊದಲು ಅದು ಹೇಳು!" ಹಲ್ಡಾ ತಲೆಯೆತ್ತಲಿಲ್ಲ. "ಯುದ್ಧದಿಂದ ಬಂದ ಮೇಲೆ ಅವನು ಮಾತೇ ಆಡಿಲ್ಲ ಕಣೇ. ಗ್ಯಾರೇಜಲ್ಲೇ ಕೂತಿರ್ತಾನೆ. ಯಾವುದಕ್ಕಾದ್ರೂ ಬಾಯಿ ಬಿಟ್ಟಾನು ಅಂತ ಒಂದೊಂದೇ ಮಾಡಿ ನೋಡ್ತಿದೀನಿ." ಓಪಲ್ ಅವಳಿಗೆ ಕಾಫಿ ಸುರಿದುಕೊಟ್ಟು, ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. "ಓದು," ಎಂದಳು, "ಮುಂದೇನು ಬರ್ದಿದಾರೆ?"