ನಾಲ್ಕು ಬೆರಳು ಸಂದಿನ ಕಿಟಕಿ

ಮಸ್ಕಿಯಲ್ಲಿರುವ ನನ್ನ ತವರುಮನೆಗೆ ದಾರಿ ಕೇಳಿದರೆ ಯಾರೂ ಅಪ್ಪನ ಹೆಸರು ಹೇಳುವುದಿಲ್ಲ. "ಅರ್ಧ ಹಸರ, ಅರ್ಧ ಗುಲಾಬಿ ಕಿಡಕಿ ಮನಿ" ಅನ್ನುತ್ತಾರೆ. ಆಟೋದವನು ಸೀದಾ ತಂದು ಬಾಗಿಲಿಗೇ ಇಳಿಸುತ್ತಾನೆ. ಸಿಂಧನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಇದಕ್ಕಿಂತ ನಾಚಿಕೆಯ ವಿಳಾಸ ಇನ್ನೊಂದಿರಲಿಲ್ಲ. ಸೊಟ್ಟಗಿರುವುದನ್ನು ಕಂಡರೆ ನೆಟ್ಟಗೆ ಮಾಡುವವರೆಗೂ ನನ್ನ ಕೈ ಸುಮ್ಮನಿರುವುದಿಲ್ಲ. ನನ್ನ ಗಂಡ ಇದನ್ನು ರೋಗ ಅನ್ನುತ್ತಾನೆ, ನಾನು ಶಿಸ್ತು ಅನ್ನುತ್ತೇನೆ.

ಕಿಟಕಿಗೆ ಆ ಗತಿ ಬಂದದ್ದು ಹನ್ನೆರಡು ವರ್ಷದ ಹಿಂದೆ. ಒಂದು ಮದುವೆಯ ಊಟದ ಸಾಲಿನಲ್ಲಿ ಕೂತು ಅಪ್ಪ ನಾಲ್ಕು ಮಂದಿಯ ಮುಂದೆ, "ನನ್ನ ತಮ್ಮಗ ವ್ಯವಹಾರ ತಿಳಿಯಂಗಿಲ್ಲ" ಅಂದುಬಿಟ್ಟ. ಆ ತಮ್ಮ, ಅಂದರೆ ನನ್ನ ಕಾಕಾ, ಬಟ್ಟೆ ಅಂಗಡಿ ಇಟ್ಟವನು. ಮುರಿದ ಹೋಳಿಗೆಯನ್ನು ಎಲೆಯ ಮೇಲೆ ಬಿಟ್ಟು ಎದ್ದ. ತಿಂಗಳೊಳಗೆ ಮನೆ ಪಾಲಾಯಿತು. ಊರಿನ ಮೂವರು ಹಿರಿಯರು ಬಂದು ಪಡಸಾಲೆಯ ಉದ್ದಕ್ಕೂ ಹಗ್ಗ ಹಿಡಿದರು. ಹಗ್ಗ ಹೋಗಿ ಬೀದಿ ಕಡೆಯ ದೊಡ್ಡ ಸಾಗವಾನಿ ಕಿಟಕಿಯ ನಟ್ಟನಡುವೆ ನಿಂತಿತು. ಒಂದು ಮೊಳ ಸರಿಸಿದ್ದರೆ ಕಿಟಕಿ ಯಾರಾದರೂ ಒಬ್ಬರಿಗೆ ಪೂರ್ತಿ ಹೋಗುತ್ತಿತ್ತು. "ಒಂದ್ ಬೆರಳೂ ಬಿಡಂಗಿಲ್ಲ" ಅಂದ ಅಪ್ಪ. "ಅರ್ಧ ಬೆರಳೂ ಬಿಡಂಗಿಲ್ಲ" ಅಂದ ಕಾಕಾ. ಅಣ್ಣತಮ್ಮಂದಿರು ಒಂದೇ ಅಭಿಪ್ರಾಯಕ್ಕೆ ಬಂದದ್ದು ಅದೇ ಕೊನೆಯ ಸಲ.

ಗೋಡೆ ಕಟ್ಟಲು ಬಂದ ಗೌಂಡಿಗೆ ಹೊಸ ತೊಡಕು ಎದುರಾಯಿತು. ಕಿಟಕಿಗೆ ಎರಡು ಕದ. ನಮ್ಮ ಪಾಲಿನ ಕದದಲ್ಲಿ ಕೊಂಡಿ ಇತ್ತು, ಅದು ಹೋಗಿ ಕೂಡುವ ಬಳೆ ಕಾಕಾನ ಪಾಲಿನ ಕದದಲ್ಲಿ. ಗೋಡೆಯನ್ನು ಕಿಟಕಿಗೆ ಮುಟ್ಟಿಸಿದರೆ ಕೊಂಡಿ ಆಚೆಗೆ ದಾಟುವುದಿಲ್ಲ, ಕಿಟಕಿ ಭದ್ರವಾಗುವುದಿಲ್ಲ. ಗೌಂಡಿ ತಲೆ ಕೆರೆದುಕೊಂಡು ಕಿಟಕಿಗೆ ನಾಲ್ಕು ಬೆರಳು ಇರುವಾಗಲೇ ಗೋಡೆ ನಿಲ್ಲಿಸಿದ. ಒಂದು ಬೆರಳನ್ನೂ ಬಿಡದ ಇಬ್ಬರ ನಡುವೆ ಹೀಗೆ ನಾಲ್ಕು ಬೆರಳು ಜಾಗ ಯಾರಿಗೂ ಸೇರದೆ ಉಳಿಯಿತು. ದೀಪದ ಕಥೆ ಬೇರೆ. ನಮ್ಮ ಕಡೆಯ ಸ್ವಿಚ್ಚು ಒತ್ತಿದರೆ ಅವರ ಕಡೆಯ ಬಲ್ಬು ಆರುತ್ತಿತ್ತು. ಅದನ್ನು ಸರಿಮಾಡಿಸುವವರೆಗಿನ ಒಂದು ವಾರ ಅಪ್ಪ ಬಹಳ ಖುಷಿಯಲ್ಲಿದ್ದ.

ಕಾಲುವೆ ನೀರು ಬಂದು ಭತ್ತ ಹೆಚ್ಚಾದ ಮೇಲೆ ನಮ್ಮ ಕಡೆ ಸೊಳ್ಳೆಗಳೂ ಖಾಯಂ ನಿವಾಸಿಗಳಾಗಿವೆ. ಸಂಜೆ ಆರಕ್ಕೆ ಕಿಟಕಿ ಮುಚ್ಚಲೇಬೇಕು. ಮಾತು ಬಿಟ್ಟ ಇಬ್ಬರು ಒಂದು ಕಿಟಕಿ ಮುಚ್ಚುವುದು ಹೇಗೆ? ಆರಕ್ಕೆ ಸರಿಯಾಗಿ ಅಪ್ಪ ತನ್ನ ಕದವನ್ನು ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿಯುತ್ತಿದ್ದ. ಆ ಕಡೆಯಿಂದ ಕಾಕಾ ತನ್ನ ಕದ ಮುಚ್ಚಿ ಒತ್ತಿ ಹಿಡಿಯುತ್ತಿದ್ದ. ಅಪ್ಪ ಸಂದಿನಲ್ಲಿ ಕೈ ತೂರಿಸಿ ಕೊಂಡಿಯನ್ನು ಬಳೆಗೆ ಸಿಕ್ಕಿಸುತ್ತಿದ್ದ. ಕಾಕಾ ಒಮ್ಮೆ ಎಳೆದು ನೋಡಿ, ಗಟ್ಟಿಯಾಯಿತು ಅಂತ ತಾನೂ ಎರಡು ಸಲ ಬಡಿಯುತ್ತಿದ್ದ. ಮುಗಿಯಿತು. ಬೀದಿಯಲ್ಲಿ ಎದುರಾದರೆ ಒಬ್ಬ ಗುಡ್ಡದ ಕಡೆ ನೋಡುತ್ತಿದ್ದ, ಇನ್ನೊಬ್ಬ ಬಸ್ ಸ್ಟ್ಯಾಂಡಿನ ಕಡೆ. ಆ ನಾಲ್ಕು ಬಡಿತ ಬಿಟ್ಟರೆ ಅವರ ನಡುವೆ ಬೇರೆ ಏನೂ ಉಳಿದಿರಲಿಲ್ಲ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಆದರೆ ಅದನ್ನು ನಾನು ಕಿಟಕಿಯ ದೋಷ ಅಂತ ತಿಳಿದಿದ್ದೆ.

ಹೋದ ವರ್ಷ ಬೇಸಿಗೆ ರಜೆಯಲ್ಲಿ ಮೊಬೈಲಿನಲ್ಲಿ ಹಳೆಯ ಮನೆಗಳನ್ನು ಮೊದಲಿನಂತೆ ಮಾಡುವವರ ವಿಡಿಯೋ ನೋಡಿ ನನಗೂ ಹುಚ್ಚು ಹತ್ತಿತು. ಎಣ್ಣೆ ಬಣ್ಣ ಕೆರೆದು ಸಾಗವಾನಿಯನ್ನು ಹೊರಗೆ ತೆಗೆಯಬೇಕು, ಅಜ್ಜ ಹಾಕಿಸಿದಾಗ ಹೇಗಿತ್ತೋ ಹಾಗೇ ನಿಲ್ಲಿಸಬೇಕು ಅಂತ ಹಟ ಹಿಡಿದೆ. ಅಪ್ಪ "ನಿನ್ನ ಮರ್ಜಿ" ಅಂದ. ಕಾಕಾನನ್ನು ಕೇಳುವ ಧೈರ್ಯ ನನಗಿರಲಿಲ್ಲ. ಗೋಡೆ ಗಂಡಸರದ್ದು. ಹೆಂಗಸರು ಮಕ್ಕಳು ಎರಡೂ ಮನೆಯಲ್ಲಿ ಓಡಾಡಿಕೊಂಡೇ ಇದ್ದೆವು. ಹಾಗಾಗಿ ಕಾಕಾನ ಹೆಂಡತಿ ಚಿಗವ್ವನನ್ನು ಕೇಳಿದೆ. "ಅವರು ಅಂಗಡಿಗೆ ಹೋದಾಗ ಮಾಡಿಸಿಬಿಡು, ಆ ಗುಲಾಬಿ ಬಣ್ಣ ನನಗೂ ಸಾಕಾಗೇತಿ" ಅಂದಳು.

ಲಿಂಗಸುಗೂರಿನಿಂದ ಬಡಿಗೇರನನ್ನು ಕರೆಸಿದೆ. ಅವನು ಒಂದೇ ಕಿಟಕಿಗಾಗಿ ಎರಡು ಮನೆ ಹತ್ತಿ ಇಳಿಯಬೇಕಾಗಿತ್ತು. ನಮ್ಮ ಕದಕ್ಕೆ ರಂದಾ ಹೊಡೆದು, ಚಪ್ಪಲಿ ಮೆಟ್ಟಿಕೊಂಡು, ಬೀದಿಗಿಳಿದು, ಪಕ್ಕದ ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು, ಅವರ ಕದಕ್ಕೆ ಹೊಡೆಯುವುದು. ಎರಡೂ ಮನೆಯಲ್ಲಿ ಹೋದಾಗಲೊಮ್ಮೆ ಚಹಾ. ಮಧ್ಯಾಹ್ನದ ಹೊತ್ತಿಗೆ ಅವನು ನಮ್ಮ ಕಡೆ ನಿಂತು ಸಂದು ತೋರಿಸಿ, "ಅಕ್ಕೋರ, ನನ್ನ ಉಳಿ ಆ ಮನ್ಯಾಗ ಉಳದೈತಿ, ನಿಮ್ಮ ಚಿಗವ್ವಾರಿಗೆ ಈ ಕಡಿ ಚಾಚಾಕ ಹೇಳ್ರಿ. ಇನ್ನೊಂದು ಕಪ್ಪು ಕುಡದ್ರ ನಾ ಕೆಲಸ ಮಾಡಂಗಿಲ್ಲ" ಅಂದ.

ಬಣ್ಣ ಪದರ ಪದರವಾಗಿ ಬಿಟ್ಟಿತು. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕೆಮ್ಮಣ್ಣಿನಂಥ ಬಣ್ಣ, ಅದರ ಕೆಳಗೆ ಮರ. ಮರದಲ್ಲಿ ಒಂದು ವಿಚಿತ್ರ ಕಂಡಿತು. ಪ್ರತಿ ಕದದ ಮೇಲೆ ಕೆಳಗೆ ಹಳೆಯ ಸ್ಕ್ರೂ ತೂತುಗಳಿದ್ದವು, ಯಾರೋ ಲಪ್ಪ ಅನ್ನುವ ಪುಟ್ಟಿ ತುಂಬಿ ಮುಚ್ಚಿದ್ದರು. ಬಡಿಗೇರ ಬೆರಳಾಡಿಸಿ ನೋಡಿ, "ನಿಮ್ಮ ಅಜ್ಜಾರು ಒಂದೊಂದು ಕದಕ್ಕ ಮ್ಯಾಲ ಒಂದು ಕೆಳಗ ಒಂದು ಬೋಲ್ಟ್ ಹಾಕಿಸಿದ್ರು. ಈ ಕೊಂಡಿ ಆಮ್ಯಾಲಿಂದು" ಅಂದ. ನನಗೆ ರೋಮಾಂಚನವಾಯಿತು. ಮೂಲದಲ್ಲಿ ಎರಡೂ ಕದ ತಮ್ಮ ತಮ್ಮ ಕಾಲ ಮೇಲೆ ನಿಂತಿದ್ದವು! ಮರುದಿನವೇ ಸಿಂಧನೂರಿನ ಗುಜರಿ ಅಂಗಡಿಗಳನ್ನು ಅಲೆದು, ಕೆಡವಿದ ಯಾವುದೋ ಹಳೆಯ ಮನೆಯ ನಾಲ್ಕು ಹಿತ್ತಾಳೆ ಬೋಲ್ಟುಗಳನ್ನು ಹುಡುಕಿ ತಂದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಭಾನುವಾರ ಬಡಿಗೇರ ಅವನ್ನು ಹಳೆಯ ತೂತಿನಲ್ಲೇ ಕೂಡಿಸಿ, ಕೊಂಡಿ ಬಳೆಗಳನ್ನು ಬಿಚ್ಚಿ ಅವ್ವನ ಕೈಗೆ ಕೊಟ್ಟ. ಇನ್ನು ಯಾರ ಹಂಗೂ ಬೇಡ, ಅವರವರ ಕದ ಅವರವರು ಹಾಕಿಕೊಳ್ಳಬಹುದು. ನಾನು ಬೀದಿಯಲ್ಲಿ ನಿಂತು ಹತ್ತು ಫೋಟೋ ತೆಗೆದೆ.

ಆ ಸಂಜೆ ಆರಕ್ಕೆ ಅಪ್ಪ ಕಿಟಕಿಗೆ ಹೋದ. ಚಿಗವ್ವ ಐದಕ್ಕೇ ತನ್ನ ಕಡೆಯ ಬೋಲ್ಟ್ ಹಾಕಿ ಮುಗಿಸಿದ್ದಳು, ಹೊಸದರ ಹುರುಪು. ಅಪ್ಪ ಬೆರಳು ಮಡಚಿ ಕೈ ಎತ್ತಿದ. ಬಡಿಯುವುದಕ್ಕೆ ಕಾರಣವೇ ಇಲ್ಲ ಅನ್ನುವುದು ನೆನಪಾಯಿತೇನೋ, ಎತ್ತಿದ ಕೈಯಿಂದ ಕಿವಿ ಕೆರೆದುಕೊಂಡ. ತನ್ನ ಎರಡು ಬೋಲ್ಟ್ ಹಾಕಿದ. "ಛಲೋ ಆಗೇತಿ" ಅಂದ. ನಾನು ಆ ಮಾತನ್ನು ಪ್ರಶಸ್ತಿಯಂತೆ ಹೊತ್ತುಕೊಂಡು ಸಿಂಧನೂರಿನ ಬಸ್ಸು ಹತ್ತಿದೆ.

ಬುಧವಾರ ಅವ್ವನ ಫೋನು ಬಂತು. "ನಿಮ್ಮಪ್ಪ ಒಂದ್ ರೊಟ್ಟಿಗೆ ಇಳದಾನ. ಸಂಜಿ ಆತಂದ್ರ ಕಿಡಕಿ ಮುಂದ ಹೋಗಿ ನಿಂದರ್ತಾನ. ಏನ್ ಮಾಡಾಕತ್ತೀರಿ ಅಂದ್ರ ಗಾಳಿ ತಗೊಳ್ಳಾಕತ್ತೀನಿ ಅಂತಾನ. ಕಿಡಕಿ ಹಾಕೇತಿ, ಗಾಳಿ ಎಲ್ಲಿಂದ ಬರ್ತೈತಿ?"

ವಿಜ್ಞಾನದ ಟೀಚರಾದ ನಾನು ಕೂಡಲೇ ಇದು ಬಿ-ಟ್ವೆಲ್ವ್ ಕೊರತೆ ಅಂದೆ. ಗುರುವಾರ ಮಸ್ಕಿಗೆ ಬಂದು ಅಪ್ಪನನ್ನು ಲಿಂಗಸುಗೂರಿಗೆ ಕರೆದುಕೊಂಡು ಹೋಗಿ ರಕ್ತ ತೆಗೆಸಿದೆ. ರಕ್ತದಲ್ಲಿ ಎಲ್ಲವೂ ಇತ್ತು. ವಾಪಸು ಬರುವಾಗ ಅಪ್ಪ ಬಸ್ಸಿನಲ್ಲಿ, "ಅಂಗಡಿ ತಗದಿತ್ತೇನು?" ಅಂದ. ಯಾವ ಅಂಗಡಿ ಅಂದೆ. "ಏನಿಲ್ಲ ಬಿಡು" ಅಂದ. ನಾನು ಮಾತ್ರೆ ಚೀಟಿ ಓದುತ್ತಿದ್ದೆ. ಈಗ ನೆನೆದರೆ ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಶನಿವಾರ ಮತ್ತೆ ಅವ್ವನ ಫೋನು. ಕಾಕಾ ಪಂಚಾಯಿತಿ ಕರೆದಿದ್ದಾನೆ, ಬೋಲ್ಟಿನ ಮೇಲೆ! ಆರೋಪಿ ನಾನೇ ಆದ್ದರಿಂದ ಭಾನುವಾರ ಬೆಳಿಗ್ಗೆ ಎಂಟಕ್ಕೆ ಹಾಜರಾಗಬೇಕಂತೆ.

ಹಗ್ಗ ಹಿಡಿದಿದ್ದ ಮೂವರು ಹಿರಿಯರೇ ಬಂದರು, ಹನ್ನೊಂದು ವರ್ಷ ಮುಪ್ಪಾಗಿ. ಕಾಕಾ ನಮ್ಮ ಹೊಸ್ತಿಲು ತುಳಿಯಲಾರೆ ಅಂದ, ಅಪ್ಪ ಅವನದನ್ನು ತುಳಿಯಲಾರೆ ಅಂದ. ಕೊನೆಗೆ ಕಿಟಕಿಯ ಕೆಳಗಿನ ಬೀದಿ ಕಟ್ಟೆಯ ಮೇಲೆ ಸಭೆ ಕೂಡಿತು. ಆ ತುದಿಗೆ ಕಾಕಾ, ಈ ತುದಿಗೆ ಅಪ್ಪ, ನಡುವೆ ಹಿರಿಯರು. ಎರಡು ಬಾಗಿಲುಗಳಲ್ಲಿ ಅವ್ವ ಮತ್ತು ಚಿಗವ್ವ. ಅಣ್ಣತಮ್ಮಂದಿರ ನಡುವೆ ಆರು ಮೊಳ ದೂರವಿರಲಿಲ್ಲ, ಆದರೂ ಮಾತೆಲ್ಲ ನಡುವಿನ ಹಿರಿಯರ ಮೂಲಕವೇ ಹೋಗಬೇಕು.

"ಕೇಳ್ರಿ ಅವನ್ನ" ಅಂದ ಕಾಕಾ, "ಮನಿ ಪಾಲ ಮಾಡಿದ್ದು ಸಾಲಲಿಲ್ಲೇನು, ಕಿಡಕೀನೂ ಪಾಲ ಮಾಡಿಸ್ಯಾನ. ನಾಚಿಕಿಲ್ಲದಾಂವ!"

ಹಿರಿಯರು ಈ ಕಡೆ ತಿರುಗಿ, "ಸಣ್ಣವರು ಕಿಡಕಿ ವಿಷಯ ತಮ್ಮನ್ನ ವಿಚಾರಿಸಾಕತ್ತಾರ" ಅಂತ ಅಪ್ಪನಿಗೆ ತಿಳಿಸಿದರು.

"ನಾ ಏನೂ ಮಾಡಿಸಿಲ್ಲಂತ ಹೇಳ್ರಿ. ಮಾಡಿದಾಕಿ ಅಲ್ಲಿ ನಿಂತಾಳ ನೋಡ್ರಿ. ಅಂವಗ ಕಣ್ಣಿಲ್ಲೇನು?"

"ದೊಡ್ಡವರು ಮಗಳ ಕಡಿ ತೋರಿಸಾಕತ್ತಾರ" ಅಂತ ಹಿರಿಯರು ಆ ಕಡೆ ಮುಟ್ಟಿಸಿದರು.

ಎಲ್ಲರೂ ನನ್ನನ್ನು ನೋಡಿದರು. ನಾನು ಪಾಠ ಮಾಡುವ ಧ್ವನಿಯಲ್ಲಿ ತೂತು, ಲಪ್ಪ, ಹಿತ್ತಾಳೆ, ಅಜ್ಜನ ಕಾಲದ ಮೂಲ ಸ್ವರೂಪ ಎಲ್ಲ ವಿವರಿಸಿದೆ. ಹಿರಿಯರಲ್ಲಿ ಒಬ್ಬರು ಬಹಳ ಹೊತ್ತು ಯೋಚಿಸಿ, "ಹಂಗಾರ ಇದು ಅಜ್ಜಾರ ತಪ್ಪು" ಅಂತ ತೀರ್ಪಿಗೆ ಕೈ ಹಾಕಿದರು. ಸತ್ತವರ ಮೇಲೆ ಹಾಕಿದರೆ ಯಾರಿಗೂ ನಷ್ಟವಿಲ್ಲ, ಚಹಾ ಕುಡಿದು ಎದ್ದುಬಿಡಬಹುದು. ಉಳಿದಿಬ್ಬರೂ ತಲೆಯಾಡಿಸಿದರು.

ಕಾಕಾ ಮಾತ್ರ ಏಳಲಿಲ್ಲ.

"ಮೂಲ ಗೀಲ ನನಗ ಬ್ಯಾಡ್ರಿ. ಏಳ್ ದಿನ ಆತು. ಆರ್ ಗಂಟೆಕ್ಕ ಗಿರಾಕಿ ಬಿಟ್ಟು ಅಂಗಡಿಯಿಂದ ಓಡಿ ಬಂದು ಆ ಕದ ಹಿಡ್ಕೊಂಡು ನಿಂದರ್ತೀನಿ. ಆ ಕಡಿಂದ ಸಪ್ಪಳಿಲ್ಲ. ಗುರುವಾರ ದವಾಖಾನಿಗೆ ಹೋಗ್ಯಾನಂತ ಮಂದಿ ಬಾಯಾಗ ಕೇಳಿದೆ. ನಾ ಏನ್ ತಿಳ್ಕೋಬೇಕು? ಇದ್ದಾನೋ ಹ್ವಾದನೋ ಅಂತ ಯಾರನ್ನ ಕೇಳ್ಬೇಕು ನಾನು?"

ನಡುವಿನ ಹಿರಿಯರು ಈ ಕಡೆ ತಿರುಗಿದರು, ಏನನ್ನೂ ಮುಟ್ಟಿಸದೆ ಹಿಂದೆ ಸರಿದು ಕೂತರು. ಚಿಗವ್ವ ಸೆರಗು ಬಾಯಿಗಿಟ್ಟುಕೊಂಡಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಪ್ಪ ತನ್ನ ಕಾಲ ಹೆಬ್ಬೆರಳನ್ನೇ ನೋಡುತ್ತ ಕೂತಿದ್ದ. ಆಮೇಲೆ ಹಿರಿಯರನ್ನು ದಾಟಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ, ನೇರವಾಗಿ ಆ ತುದಿಗೆ ಹೇಳಿದ.

"ಇದ್ದೀನಲೇ."

ಕಾಕಾ ತಲೆ ಎತ್ತಲಿಲ್ಲ. "ಇದ್ರ ದಿನಾ ಹೇಳ್ಬೇಕು" ಅಂದ.

ಹಿರಿಯರು ಇನ್ನೂ ತೀರ್ಪು ಹೇಳಿರಲಿಲ್ಲ. ನಾನು ಸ್ಕ್ರೂಡ್ರೈವರ್ ತರಲು ಒಳಗೆ ಹೋದೆ.